ಆಯ್ಕೆಗೊಂದು ವೇಳೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಯಡಿಯೂರು ಹಿಂದೆ ಕೆರೆಯ ದಡದ ಒಂದು ಹಳ್ಳಿಯಾಗಿತ್ತು. 1948ರಲ್ಲಿ ಅದರ ನೆರೆಯಲ್ಲಿ ಜಯನಗರವೆಂಬ ಹೊಸ ಬಡಾವಣೆಗೆ ಅಸ್ತಿಭಾರ ಬಿದ್ದ ಮೇಲೆ ಸುತ್ತಲಿನ ಹೊಲಗದ್ದೆಗಳು ಕ್ರಮೇಣ ಮನೆಗಳಾಗಿ, ಬೀದಿಗಳಾಗಿ, ಉದ್ಯಾನಗಳಾಗಿ ಮಾರ್ಪಟ್ಟವು. ಕೆರೆ ಮಾತ್ರ ಇಂದಿಗೂ ಉಳಿದಿದೆ. ಬೆಳಗಿನ ಹೊತ್ತು ಅದರ ದಂಡೆಯ ಮೇಲೆ ವೃದ್ಧರು ನಡೆದಾಡುತ್ತಾರೆ. ಗಣೇಶನ ಹಬ್ಬ ಬಂದಾಗ ಪಕ್ಕದ ಕಲ್ಯಾಣಿಯಲ್ಲಿ ಮೂರ್ತಿಗಳನ್ನು ವಿಸರ್ಜಿಸಲು ದೂರದೂರದ ಬಡಾವಣೆಗಳಿಂದ ಜನ ಬರುತ್ತಾರೆ. ಆದರೆ ಆ ನೀರಿನಿಂದ ಗದ್ದೆಗಳನ್ನು ನೆನೆಸುವ ಕಾಲ ಮುಗಿದುಹೋಗಿದೆ.

ಕನ್ನಡ ನಾಡಿನಲ್ಲಿ ಕೆರೆಯಿದ್ದ ಊರುಗಳಲ್ಲಿ ನೀರುಗಂಟಿಯೆಂಬ ಒಬ್ಬ ಊರಾಳು ಇರುತ್ತಿದ್ದನು. ಕೆರೆಯ ನೀರು ಊರಿನ ಎಲ್ಲರಿಗೂ ಸೇರಿದ್ದು. ಆದರೆ ಯಾವ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಹಾಯಬೇಕೆಂಬುದನ್ನು ನೋಡಿಕೊಳ್ಳುವ ಹೊಣೆ ಅವನದು. ತೂಬಿನ ಬಳಿಯ ಗದ್ದೆಗೆ ನೀರು ಸಿಗುವುದು ಸುಲಭ. ಕಾಲುವೆಯ ಕೊನೆಯಲ್ಲಿರುವ ಗದ್ದೆಗೂ ನೀರು ತಲಪಿದಾಗಲೇ ನೀರುಗಂಟಿಯ ನ್ಯಾಯ ಪರೀಕ್ಷೆಯಲ್ಲಿ ಗೆದ್ದಂತೆ. ನೀರು ಎಲ್ಲರದೆಂದು ಘೋಷಿಸಿದರೆ ಸಾಲದು, ಅದು ಹರಿಯುವ ಸರದಿಯೂ ಎಲ್ಲರಿಗೆ ಒದಗುವಂತಿರಬೇಕು. ಈ ಹಳೆಯ ತಿಳಿವಳಿಕೆಯನ್ನು ಇಂದಿನ ಕಾಲೇಜುಗಳಿಗೂ ಅನ್ವಯಿಸಿ ನೋಡಬಹುದಾಗಿದೆ.

ಯಡಿಯೂರಿನ ಸುತ್ತ ಕಾಲುನಡಿಗೆಯ ದೂರದಲ್ಲಿಯೇ ಹಲವು ಕಾಲೇಜುಗಳಿವೆ. 1965ರಲ್ಲಿ ಆರಂಭವಾದ ಜಯನಗರದ ನ್ಯಾಷನಲ್ ಕಾಲೇಜು ಒಂದು ಕಡೆ; ಆರ್.ವಿ. ರಸ್ತೆಯ ವಿಜಯಾ ಕಾಲೇಜು, ಮೂರನೆಯ ಬ್ಲಾಕಿನ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜು ಮತ್ತೊಂದು ಕಡೆ. ವರ್ಷಾರಂಭದ ದಿನಗಳಲ್ಲಿ ಸೌತ್ ಎಂಡ್ ವೃತ್ತದಿಂದ ಈ ಕಾಲೇಜುಗಳತ್ತ ಹೊರಟ ತರುಣ ತರುಣಿಯರ ಮುಖದಲ್ಲಿ ಉತ್ಸಾಹದೊಂದಿಗೆ ಒಂದು ಬಗೆಯ ಗೊಂದಲವೂ ಕಾಣುತ್ತದೆ. ಪ್ರೌಢಶಾಲೆಯಲ್ಲಿ ಯಾವ ಗಂಟೆಗೆ ಯಾವ ಪಾಠವೆಂಬುದನ್ನು ಬೇರೆಯವರು ನಿರ್ಧರಿಸುತ್ತಿದ್ದರು. ಗಣಿತವು ತನಗೆ ಬೇಕೇ ಬೇಡವೇ ಎಂದು ಹುಡುಗನನ್ನು ಯಾರೂ ಕೇಳುತ್ತಿರಲಿಲ್ಲ. ಪದವಿ ತರಗತಿಗೆ ಬಂದೊಡನೆ ಅವನ ಮುಂದೆ ಎರಡು ಪ್ರಶ್ನೆಗಳು ಒಟ್ಟಿಗೆ ಎದ್ದು ನಿಲ್ಲುತ್ತವೆ. ಏನನ್ನು ಓದಬೇಕು? ಯಾವಾಗ ಓದಬೇಕು? ಮೊದಲನೆಯ ಪ್ರಶ್ನೆಗೆ ವಿಷಯಗಳ ಪಟ್ಟಿ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ವೇಳಾಪಟ್ಟಿ ಉತ್ತರ ಕೊಡುತ್ತದೆ. ಇವೆರಡೂ ಒಂದನ್ನೊಂದು ಒಪ್ಪದಿದ್ದಾಗ ಮೊದಲನೆಯದು ಸೋಲುತ್ತದೆ, ಎರಡನೆಯದು ಗೆಲ್ಲುತ್ತದೆ. ವಿದ್ಯಾರ್ಥಿಗೆ ಆಯ್ಕೆಯ ಸ್ವಾತಂತ್ರ್ಯವಿದೆಯೇ ಎಂಬುದನ್ನು ತಿಳಿಯಬೇಕಾದರೆ ವಿಶ್ವವಿದ್ಯಾಲಯದ ನಿಯಮಾವಳಿಯನ್ನು ಓದುವುದರ ಜೊತೆಗೆ ಕಾಲೇಜಿನ ಗೋಡೆಯ ಮೇಲಿನ ವೇಳಾಪಟ್ಟಿಯನ್ನೂ ಓದಬೇಕು.

ಈ ಆಯ್ಕೆಯ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಬೆಂಗಳೂರಿನ ಸೆಂಟ್ರಲ್ ಕಾಲೇಜು ವಿಜ್ಞಾನಕ್ಕೂ ಮೈಸೂರಿನ ಮಹಾರಾಜಾ ಕಾಲೇಜು ಕಲಾ ವಿಷಯಗಳಿಗೂ ಕೇಂದ್ರಗಳಾದವು. ಅಂದಿನ ವಿದ್ಯಾರ್ಥಿ ವಿಷಯವನ್ನು ಆರಿಸಿಕೊಂಡರೆ ಊರನ್ನೂ ಆರಿಸಿಕೊಂಡಂತೆಯೇ ಆಗುತ್ತಿತ್ತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿಕೊಂಡಿತು. ಮುಂದೆ 2017ರಲ್ಲಿ ಅದು ಮೂರು ವಿಶ್ವವಿದ್ಯಾಲಯಗಳಾಗಿ ಹಂಚಿಹೋಯಿತು. ಈ ದೀರ್ಘ ಅವಧಿಯ ಬಹುಭಾಗದಲ್ಲಿ ಪದವಿ ವ್ಯಾಸಂಗವೆಂದರೆ ಎರಡು ಭಾಷೆಗಳು ಮತ್ತು ಮೂರು ಐಚ್ಛಿಕ ವಿಷಯಗಳ ಒಂದು ಕಟ್ಟು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳದು ಒಂದು ಕಟ್ಟಾದರೆ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳದು ಇನ್ನೊಂದು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳದು ಮತ್ತೊಂದು. ವಿದ್ಯಾರ್ಥಿಯು ಸಿದ್ಧವಾಗಿದ್ದ ಕಟ್ಟುಗಳಲ್ಲಿ ಒಂದನ್ನು ಎತ್ತಿಕೊಳ್ಳಬೇಕಾಗಿತ್ತು. ಕಟ್ಟನ್ನು ಬಿಚ್ಚಿ ಬೇರೆಯಾಗಿ ಕಟ್ಟಿಕೊಳ್ಳುವ ಅವಕಾಶವಿರಲಿಲ್ಲ.

ಈ ವ್ಯವಸ್ಥೆಗೆ ತನ್ನದೇ ಆದ ಗುಣಗಳಿದ್ದವು. ಒಂದು ಕಟ್ಟಿನವರೆಲ್ಲ ಒಂದೇ ಕೊಠಡಿಯಲ್ಲಿ ಮೂರು ವರ್ಷ ಜೊತೆಯಾಗಿ ಕಲಿಯುತ್ತಿದ್ದುದರಿಂದ ಸ್ನೇಹ ಬೆಳೆಯುತ್ತಿತ್ತು. ಪಾಠಗಳ ವೇಳೆ ಒಂದರೊಡನೊಂದು ಡಿಕ್ಕಿ ಹೊಡೆಯುತ್ತಿರಲಿಲ್ಲ. ಒಂದು ಶಾಸ್ತ್ರದಲ್ಲಿ ಹೆಜ್ಜೆಹೆಜ್ಜೆಯಾಗಿ ಆಳಕ್ಕೆ ಇಳಿಯಲು ಅನುಕೂಲವಿತ್ತು. ಆದರೆ ಗಣಿತದಲ್ಲಿ ಆಸಕ್ತಿಯಿದ್ದು ಇತಿಹಾಸದಲ್ಲಿಯೂ ಒಲವಿದ್ದ ಹುಡುಗಿಗೆ ಅಲ್ಲಿ ದಾರಿಯಿರಲಿಲ್ಲ. ವಾಣಿಜ್ಯಶಾಸ್ತ್ರವನ್ನು ಹಿಡಿದವನಿಗೆ ಮನಶ್ಶಾಸ್ತ್ರದ ಬಾಗಿಲು ಮುಚ್ಚಿರುತ್ತಿತ್ತು. ಹದಿನೇಳನೆಯ ವಯಸ್ಸಿನಲ್ಲಿ, ಅನೇಕ ವೇಳೆ ತಂದೆಯ ಅಥವಾ ನೆರೆಯವರ ಮಾತಿನ ಮೇಲೆ, ಮಾಡಿದ ಒಂದು ನಿರ್ಧಾರ ಬಾಳಿನುದ್ದಕ್ಕೂ ಹಿಂಬಾಲಿಸುತ್ತಿತ್ತು.

ಇದಕ್ಕೆ ತೀರ ವಿರುದ್ಧವಾದ ಪ್ರಯೋಗವೊಂದು ಅಮೆರಿಕೆಯಲ್ಲಿ ನಡೆಯಿತು. 1869ರಿಂದ 1909ರವರೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಅವರು ಕಡ್ಡಾಯ ವಿಷಯಗಳನ್ನು ಒಂದೊಂದಾಗಿ ತೆಗೆದುಹಾಕಿ, ವಿದ್ಯಾರ್ಥಿಯು ತನಗಿಷ್ಟವಾದುದನ್ನು ಆರಿಸಿಕೊಳ್ಳುವ ಪದ್ಧತಿಯನ್ನು ಬೆಳೆಸಿದರು. ಜ್ಞಾನದ ಕ್ಷೇತ್ರ ವಿಸ್ತಾರವಾಗುತ್ತಿದ್ದ ಆ ಕಾಲಕ್ಕೆ ಅದು ದಿಟ್ಟ ಹೆಜ್ಜೆಯಾಗಿತ್ತು. ಹೊಸ ಶಾಸ್ತ್ರಗಳು ಕಾಲೇಜನ್ನು ಪ್ರವೇಶಿಸಿದುದು ಅದರ ಲಾಭ. ಆದರೆ ಅನೇಕರು ಸುಲಭವಾದ ಪ್ರಾರಂಭಿಕ ಪಾಠಗಳನ್ನೇ ಇಲ್ಲೊಂದು ಅಲ್ಲೊಂದು ಎಂದು ಹೆಕ್ಕಿಕೊಂಡು, ಯಾವುದರಲ್ಲಿಯೂ ಆಳಕ್ಕೆ ಹೋಗದೆ ಪದವಿ ಪಡೆಯುತ್ತಿದ್ದಾರೆಂಬ ದೂರು ಕೇಳಿಬಂದಿತು. ಎಲಿಯಟ್ ಅವರ ಅನಂತರ ಅಧ್ಯಕ್ಷರಾದ ಲೋವೆಲ್ ಅವರು, ವಿದ್ಯಾರ್ಥಿಯು ಒಂದು ವಿಷಯದಲ್ಲಿ ಆಳವಾಗಿಯೂ ಉಳಿದ ಕೆಲವು ಕ್ಷೇತ್ರಗಳಲ್ಲಿ ಹರಡಿಕೊಂಡೂ ಓದಬೇಕೆಂಬ ಮಧ್ಯಮ ಮಾರ್ಗವನ್ನು ತಂದರು. ಕಟ್ಟಿದ ಬುತ್ತಿಯೂ ಸಾಲದು, ಸಂತೆಯ ತಿಂಡಿಯೂ ಸಾಲದು ಎಂಬುದು ಆ ಅನುಭವದ ಸಾರ.

ಭಾರತದಲ್ಲಿ ವಿಶ್ವವಿದ್ಯಾಲಯಗಳ ಅನುದಾನ ಆಯೋಗವು 2015ರಲ್ಲಿ ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿಗೆ ಮಾರ್ಗಸೂಚಿಯನ್ನು ಹೊರಡಿಸಿತು. 2020ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಬಂದಿತು. ಅದನ್ನು 2021-22ನೆಯ ಸಾಲಿನಿಂದಲೇ ಪದವಿ ತರಗತಿಗಳಲ್ಲಿ ಜಾರಿಗೆ ತಂದು ಕರ್ನಾಟಕವು ದೇಶದಲ್ಲಿ ಮುಂದಾಯಿತು. ಎರಡು ಪ್ರಧಾನ ವಿಷಯಗಳು, ಎರಡು ಭಾಷೆಗಳು, ಕೌಶಲದ ಪಾಠಗಳು. ಇವುಗಳೊಡನೆ ತನ್ನ ಶಾಖೆಯ ಹೊರಗಿನ ಒಂದು ಪಾಠವನ್ನು ಇಷ್ಟಾನುಸಾರ ತೆಗೆದುಕೊಳ್ಳುವ ಮುಕ್ತ ಆಯ್ಕೆ ಅದರ ವಿಶೇಷವಾಗಿತ್ತು. ನಾಲ್ಕು ವರ್ಷ ಓದಿದವರಿಗೆ ಆನರ್ಸ್ ಪದವಿಯೆಂದೂ ನಡುವೆ ನಿಲ್ಲಿಸಿದವರಿಗೂ ಓದಿದ ವರ್ಷಗಳಿಗೆ ತಕ್ಕ ಪ್ರಮಾಣಪತ್ರವೆಂದೂ ಅದು ವಿಧಿಸಿತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು, ಪ್ರೊಫೆಸರ್ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿಯನ್ನು ಅನುಸರಿಸಿ, 2024-25ನೆಯ ಸಾಲಿನಿಂದ ಮೂರು ವರ್ಷದ ಪದವಿಗೆ ಹಿಂದಿರುಗಿತು. ಇದರಿಂದ ಒಂದೇ ಕಾಲೇಜಿನ ಒಂದೇ ಕಟ್ಟಡದಲ್ಲಿ ಹಿಂದಿನ ನಿಯಮದಂತೆ ಓದುವ ಹಿರಿಯರೂ ಹೊಸ ನಿಯಮದಂತೆ ಓದುವ ಕಿರಿಯರೂ ಏಕಕಾಲದಲ್ಲಿ ಇರಬೇಕಾಯಿತು. ಅಣ್ಣನಿಗೆ ಹೇಳಿದ ಬುದ್ಧಿವಾದ ತಮ್ಮನಿಗೆ ಉಪಯೋಗವಾಗದಂತಾಯಿತು.

ಕ್ರೆಡಿಟ್ ಎಂಬ ಮಾತು ಹೊಸದಾದರೂ ಅದರ ಅರ್ಥ ಸರಳವಾದುದು. ಒಂದು ಸೆಮಿಸ್ಟರಿನ ಅವಧಿಯಲ್ಲಿ ವಾರಕ್ಕೆ ಒಂದು ಗಂಟೆಯ ಪಾಠ ಕೇಳಿದರೆ ಒಂದು ಕ್ರೆಡಿಟ್. ಪ್ರಯೋಗಾಲಯದಲ್ಲಾದರೆ ಅಷ್ಟಕ್ಕೆ ಎರಡು ಗಂಟೆ ದುಡಿಯಬೇಕು. ಮೂರು ಕ್ರೆಡಿಟ್‌ಗಳ ಪಾಠವೆಂದರೆ ವಾರಕ್ಕೆ ಮೂರು ಗಂಟೆಗಳ ಪಾಠ. ಈ ಲೆಕ್ಕದಲ್ಲಿ ವಿದ್ಯೆಯ ಅಳತೆಗೋಲು ಗಂಟೆಯೇ ಆಗಿರುವುದರಿಂದ, ಗಂಟೆಗಳನ್ನು ಹಂಚುವ ವೇಳಾಪಟ್ಟಿಗೆ ಮೊದಲಿಗಿಂತಲೂ ಹೆಚ್ಚಿನ ಅಧಿಕಾರ ಬಂದಿದೆ.

ವೇಳಾಪಟ್ಟಿಯನ್ನು ಸಿದ್ಧಪಡಿಸುವುದು ಗುಮಾಸ್ತೆಯ ಕೆಲಸವೆಂದು ಅನೇಕರು ತಿಳಿದಿದ್ದಾರೆ. ಅದು ಎಷ್ಟು ಕಠಿಣವೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಹತ್ತು ವಿಷಯಗಳನ್ನು ಬೋಧಿಸುವ ಒಂದು ಕಾಲೇಜಿದೆಯೆಂದು ಭಾವಿಸೋಣ. ಅಲ್ಲಿ ಎರಡೆರಡು ವಿಷಯಗಳ ಜೋಡಿಗಳನ್ನು 45 ರೀತಿಯಲ್ಲಿ ಮಾಡಬಹುದು. ಮೂರು ಮೂರರ ಗುಂಪುಗಳನ್ನು 120 ರೀತಿಯಲ್ಲಿ ಮಾಡಬಹುದು. ಪ್ರತಿಯೊಂದು ಜೋಡಿಯನ್ನೂ ಒಬ್ಬನಾದರೂ ಆರಿಸಿಕೊಂಡನೆಂದರೆ, ಯಾವ ಎರಡು ವಿಷಯಗಳನ್ನೂ ಒಂದೇ ಗಂಟೆಯಲ್ಲಿ ಬೋಧಿಸುವಂತಿಲ್ಲ. ಏಕೆಂದರೆ ಒಬ್ಬ ವಿದ್ಯಾರ್ಥಿ ಏಕಕಾಲದಲ್ಲಿ ಎರಡು ಕೊಠಡಿಗಳಲ್ಲಿ ಕುಳಿತಿರಲಾರನು. ಪ್ರತಿ ವಿಷಯಕ್ಕೆ ವಾರಕ್ಕೆ ಆರು ಗಂಟೆಗಳೆಂದರೂ ಒಟ್ಟು 60 ಗಂಟೆಗಳು ಬೇಕು. ದಿನಕ್ಕೆ ಆರು ಗಂಟೆಗಳಂತೆ ಆರು ದಿನ ಕಾಲೇಜು ನಡೆದರೆ ದೊರೆಯುವುದು 36 ಗಂಟೆಗಳು ಮಾತ್ರ. ಆದ್ದರಿಂದ ಕೆಲವು ವಿಷಯಗಳನ್ನು ಒಂದೇ ಹೊತ್ತಿನಲ್ಲಿ ಇಡಲೇಬೇಕಾಗುತ್ತದೆ. ಹಾಗೆ ಇಟ್ಟ ಕ್ಷಣದಲ್ಲಿ ಯಾರೋ ಒಬ್ಬರ ಆಯ್ಕೆ ಬಿದ್ದುಹೋಗುತ್ತದೆ.

ಇದರ ಮೇಲೆ ಅಧ್ಯಾಪಕರ ಸಂಖ್ಯೆ, ಕೊಠಡಿಗಳ ಸಂಖ್ಯೆ, ಪ್ರಯೋಗಾಲಯದ ಮೇಜುಗಳ ಸಂಖ್ಯೆ ಎಂಬ ಕಟ್ಟುಪಾಡುಗಳು ಬೇರೆ. ಗಣಿತಜ್ಞರು ಈ ಸಮಸ್ಯೆಯನ್ನು ಭೂಪಟಕ್ಕೆ ಬಣ್ಣ ತುಂಬುವ ಸಮಸ್ಯೆಗೆ ಹೋಲಿಸುತ್ತಾರೆ. ಪಕ್ಕಪಕ್ಕದ ಎರಡು ದೇಶಗಳಿಗೆ ಒಂದೇ ಬಣ್ಣವನ್ನು ಬಳಿಯಬಾರದೆಂಬಂತೆ, ಒಬ್ಬನೇ ವಿದ್ಯಾರ್ಥಿಯಿರುವ ಎರಡು ಪಾಠಗಳಿಗೆ ಒಂದೇ ಗಂಟೆಯನ್ನು ಕೊಡಬಾರದು. ಪಾಠಗಳು ಹೆಚ್ಚಿದಂತೆ ಇದಕ್ಕೆ ಉತ್ತರ ಹುಡುಕುವ ಶ್ರಮ ಮಿತಿಮೀರಿ ಬೆಳೆಯುತ್ತದೆ. ಎಲ್ಲ ಸಂದರ್ಭಗಳಲ್ಲಿಯೂ ಇದನ್ನು ಶೀಘ್ರವಾಗಿ ಬಿಡಿಸುವ ವಿಧಾನ ಈವರೆಗೆ ದೊರೆತಿಲ್ಲ; ಅಂಥ ವಿಧಾನ ಇರುವುದೇ ಸಂಶಯವೆಂಬುದನ್ನು 1970ರ ದಶಕದಲ್ಲಿಯೇ ಗಣಿತಜ್ಞರು ತೋರಿಸಿಕೊಟ್ಟಿದ್ದಾರೆ. ಕಂಪ್ಯೂಟರು ಈ ಕೆಲಸದಲ್ಲಿ ನೆರವಾಗಬಲ್ಲುದು. ಆದರೆ ಎಲ್ಲರ ಆಯ್ಕೆಯನ್ನೂ ಉಳಿಸಲು ಸಾಧ್ಯವಾಗದಾಗ ಯಾರ ಆಯ್ಕೆಯನ್ನು ಉಳಿಸಬೇಕು, ಯಾರದನ್ನು ಬಿಡಬೇಕು ಎಂಬುದನ್ನು ಯಂತ್ರ ತಾನಾಗಿ ಹೇಳಲಾರದು. ಅದು ಗಣಿತದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.

ಯಾರ ಆಯ್ಕೆ ಮೊದಲು ಬೀಳುತ್ತದೆ? ಕಾಲೇಜಿನ ಹತ್ತಿರದಲ್ಲಿಯೇ ಮನೆಯಿರುವವನದಲ್ಲ. ಮಧ್ಯಾಹ್ನದ ಕೊನೆಯ ಗಂಟೆಗೆ ಪಾಠವಿಟ್ಟರೂ ಅವನಿಗೆ ಅಡ್ಡಿಯಿಲ್ಲ. ಕನಕಪುರ ರಸ್ತೆಯ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಹುಡುಗಿಯ ಸ್ಥಿತಿ ಬೇರೆ. ವಾಣಿಜ್ಯಶಾಸ್ತ್ರವನ್ನು ಓದುತ್ತಿರುವ ಅವಳಿಗೆ ಮನಶ್ಶಾಸ್ತ್ರದ ಒಂದು ಪಾಠವನ್ನು ಕೇಳುವ ಹಂಬಲವಿರಬಹುದು; ಆ ಪಾಠ ಸಂಜೆ ನಾಲ್ಕಕ್ಕಿದ್ದರೆ ಊರು ಸೇರುವಾಗ ಕತ್ತಲಾಗುತ್ತದೆಂದು ಮನೆಯವರು ಒಪ್ಪುವುದಿಲ್ಲ. 2023ರ ಜೂನ್‌ನಲ್ಲಿ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಸೌಲಭ್ಯ ಬಂದುದರಿಂದ ಟಿಕೆಟ್ಟಿನ ಹಣ ಅವಳಿಗೆ ಅಡ್ಡಿಯಾಗಿ ಉಳಿಯಲಿಲ್ಲ; ಆದರೆ ಗಡಿಯಾರದ ಅಡ್ಡಿ ಹಾಗೆಯೇ ಉಳಿಯಿತು. ಇನ್ನೊಬ್ಬ ಹುಡುಗ ಸಂಜೆ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಮನೆಗೆ ನೆರವಾಗುತ್ತಿರಬಹುದು. ಬೆಳಗ್ಗೆ ಎರಡು ಪಾಠ, ನಡುವೆ ಮೂರು ಗಂಟೆ ಬಿಡುವು, ಮತ್ತೆ ಸಂಜೆ ಒಂದು ಪಾಠ ಎಂಬ ವೇಳಾಪಟ್ಟಿ ಅವನ ಕೂಲಿಯನ್ನೇ ಕಸಿದುಕೊಳ್ಳುತ್ತದೆ. ಪಾಠವನ್ನು ಬಿಟ್ಟರೆ ಶೇಕಡಾ 75ರ ಹಾಜರಿಯ ನಿಯಮ ಅಡ್ಡ ಬರುತ್ತದೆ. ಇಂಥವರು ಇಷ್ಟಪಟ್ಟ ವಿಷಯವನ್ನು ಬಿಟ್ಟು ವೇಳೆಗೆ ಹೊಂದುವ ವಿಷಯವನ್ನು ಹಿಡಿಯುತ್ತಾರೆ. ದಾಖಲೆಯಲ್ಲಿ ಮಾತ್ರ ಅದು ಅವರ ಸ್ವಂತ ಆಯ್ಕೆಯೆಂದೇ ಬರೆದಿರುತ್ತದೆ. ಕಾಲುವೆಯ ಕೊನೆಯ ಗದ್ದೆಗಳು ಇವೇ.

ಕಾಲೇಜುಗಳ ಕಷ್ಟವನ್ನೂ ಇಲ್ಲಿ ನ್ಯಾಯವಾಗಿ ಪರಿಗಣಿಸಬೇಕು. ಖಾಯಂ ಅಧ್ಯಾಪಕರ ಕೊರತೆಯನ್ನು ಅತಿಥಿ ಉಪನ್ಯಾಸಕರಿಂದ ತುಂಬಿಕೊಳ್ಳುವ ಸ್ಥಿತಿ ಅನೇಕ ಕಡೆ ಇದೆ. ಒಂದು ಪಾಠಕ್ಕೆ ಬರುವ ವಿದ್ಯಾರ್ಥಿಗಳ ಸಂಖ್ಯೆ ಕಡಿಮೆಯಾದರೆ ಅದನ್ನು ಬೋಧಿಸುವವರ ಕೆಲಸದ ಗಂಟೆಗಳೇ ಕಡಿಮೆಯಾಗುತ್ತವೆ. ಹೀಗಿರುವಾಗ ಪ್ರತಿಯೊಂದು ವಿಭಾಗವೂ ತನ್ನ ಪಾಠಕ್ಕೆ ಹೆಚ್ಚು ಜನ ಸೇರಲೆಂದು ಬಯಸುವುದು ಸ್ವಾಭಾವಿಕ. ನಿಯಮಗಳು ನಾಲ್ಕು ವರ್ಷಗಳೊಳಗೆ ಎರಡು ಸಲ ಬದಲಾದಾಗ ಅವನ್ನೆಲ್ಲ ಒಂದೇ ಹಾಳೆಯ ಮೇಲೆ ಹೊಂದಿಸಬೇಕಾದವರ ಶ್ರಮ ಸಾಮಾನ್ಯವಲ್ಲ. ಆದರೂ ಕಷ್ಟವಿದೆಯೆಂಬ ಕಾರಣದಿಂದ ಕರ್ತವ್ಯ ಇಲ್ಲದಂತಾಗುವುದಿಲ್ಲ. ವೇಳಾಪಟ್ಟಿಯನ್ನು ಸಿದ್ಧಪಡಿಸಿ ಆಮೇಲೆ ಆಯ್ಕೆಯನ್ನು ಕೇಳುವುದಕ್ಕಿಂತ, ವಿದ್ಯಾರ್ಥಿಗಳ ಒಲವನ್ನು ಮೊದಲು ಕೇಳಿಕೊಂಡು ಅದಕ್ಕೆ ತಕ್ಕಂತೆ ವೇಳಾಪಟ್ಟಿಯನ್ನು ಕಟ್ಟುವುದು ಮೇಲು. ಮುಕ್ತ ಆಯ್ಕೆಯ ಪಾಠಗಳಿಗೆ ದಿನದ ಕೊನೆಯನ್ನು ಬಿಟ್ಟು ನಡುಹೊತ್ತಿನಲ್ಲಿ ಒಂದು ಸಾಮಾನ್ಯ ಗಂಟೆಯನ್ನು ಮೀಸಲಿಡಬಹುದು. ಒಂದು ಪಾಠಕ್ಕೆ ಮೊದಲೇ ಏನನ್ನು ತಿಳಿದಿರಬೇಕು, ಅದರಿಂದ ಮುಂದೆ ಎಲ್ಲಿಗೆ ದಾರಿಯಿದೆ ಎಂಬುದನ್ನು ಸರಳವಾದ ಕನ್ನಡದಲ್ಲಿ ಒಂದು ಪುಟದಷ್ಟು ಬರೆದು ಪ್ರಕಟಿಸಬಹುದು. ತಪ್ಪಾಗಿ ಆರಿಸಿಕೊಂಡವನಿಗೆ ಮೊದಲ ಎರಡು ವಾರಗಳೊಳಗೆ ಬದಲಾಯಿಸಿಕೊಳ್ಳಲು ಅವಕಾಶ ಕೊಡಬಹುದು. ಒಂದಕ್ಕೊಂದು ಹತ್ತಿರದಲ್ಲಿಯೇ ಇರುವ ಕಾಲೇಜುಗಳು ಕಡಿಮೆ ಜನ ಬಯಸುವ ವಿಷಯವನ್ನು ಕೈಬಿಡುವ ಬದಲು ಒಟ್ಟುಗೂಡಿ ಬೋಧಿಸಬಹುದು. ಒಂದು ಕಾಲೇಜಿನಲ್ಲಿ ಐವರು, ಇನ್ನೊಂದರಲ್ಲಿ ಆರು ಮಂದಿ ಇದ್ದರೆ ಕೂಡಿದಾಗ ಅದೊಂದು ತರಗತಿಯಾಗುತ್ತದೆ.

ಹೊಣೆಯೆಲ್ಲವೂ ಕಾಲೇಜಿನದೇ ಎನ್ನುವುದೂ ಸರಿಯಲ್ಲ. ವಿದ್ಯಾರ್ಥಿಗಳು ಆಯ್ಕೆ ಮಾಡುವ ರೀತಿಯನ್ನು ನೋಡಿದರೆ, ದೊರೆತ ಸ್ವಾತಂತ್ರ್ಯವನ್ನು ಕೈಯಾರೆ ಕಳೆದುಕೊಳ್ಳುವವರೂ ಕಡಿಮೆಯಿಲ್ಲವೆಂದು ತಿಳಿಯುತ್ತದೆ. ಗೆಳೆಯನು ತೆಗೆದುಕೊಂಡನೆಂದು ಒಬ್ಬನು ಒಂದು ವಿಷಯವನ್ನು ಹಿಡಿಯುತ್ತಾನೆ. ಪ್ರಶ್ನಪತ್ರಿಕೆ ಸುಲಭವೆಂದೂ ಅಂಕಗಳು ಧಾರಾಳವೆಂದೂ ಕೇಳಿ ಇನ್ನೊಬ್ಬನು ಹಿಡಿಯುತ್ತಾನೆ. ಶನಿವಾರ ಪಾಠವಿಲ್ಲವೆಂಬುದೊಂದೇ ಮತ್ತೊಬ್ಬನಿಗೆ ಸಾಕಾದ ಕಾರಣ. ಬಸ್ಸು ತಪ್ಪುತ್ತದೆಂದು ಪಾಠವನ್ನು ಬಿಡುವವಳಿಗೂ ನಿದ್ರೆ ತಪ್ಪುತ್ತದೆಂದು ಪಾಠವನ್ನು ಬಿಡುವವನಿಗೂ ಬಹಳ ಅಂತರವಿದೆ. ಮೊದಲನೆಯವಳಿಗೆ ವೇಳೆಯು ಅನಿವಾರ್ಯತೆ. ಎರಡನೆಯವನಿಗೆ ಅದು ನೆಪ. ನೆಪಕ್ಕಾಗಿ ಮಾಡಿದ ಆಯ್ಕೆಗಳಿಂದ ಹಾಳೆಯಲ್ಲಿ ಕ್ರೆಡಿಟ್‌ಗಳು ತುಂಬಿಕೊಳ್ಳುತ್ತವೆ, ತಲೆಯಲ್ಲಿ ಏನೂ ತುಂಬಿಕೊಳ್ಳುವುದಿಲ್ಲ. ಹಾರ್ವರ್ಡಿನಲ್ಲಿ ಕಂಡ ದೋಷ ಬೆಂಗಳೂರಿಗೆ ಬರಲು ಸಮುದ್ರ ದಾಟಬೇಕಾಗಿಲ್ಲ. ಅದು ಮನುಷ್ಯಸ್ವಭಾವದಲ್ಲಿಯೇ ಇದೆ.

ಆರಿಸಿಕೊಳ್ಳುವ ಮುನ್ನ ವಿದ್ಯಾರ್ಥಿಯು ಕೆಲವು ಪ್ರಶ್ನೆಗಳನ್ನು ತನ್ನಲ್ಲಿಯೇ ಕೇಳಿಕೊಳ್ಳುವುದು ಒಳ್ಳೆಯದು. ಪರೀಕ್ಷೆಯಿಲ್ಲದಿದ್ದರೂ ಈ ವಿಷಯವನ್ನು ಓದುತ್ತಿದ್ದೆನೇ? ಇದನ್ನು ಅರಿಯಲು ಬೇಕಾದ ತಳಹದಿ ತನ್ನಲ್ಲಿದೆಯೇ, ಇಲ್ಲದಿದ್ದರೆ ಅದನ್ನು ಗಳಿಸುವ ಶ್ರಮಕ್ಕೆ ಸಿದ್ಧನಿದ್ದೇನೆಯೇ? ಪಾಠದ ಮೂರು ಗಂಟೆಗಳ ಜೊತೆಗೆ ಮನೆಯಲ್ಲಿ ಇನ್ನು ಮೂರು ಗಂಟೆಗಳನ್ನು ಕೊಡಲು ಸಾಧ್ಯವೇ? ಈ ವಿಷಯವನ್ನು ಬಿಟ್ಟರೆ ಮುಂದೆ ಯಾವ ಬಾಗಿಲು ಮುಚ್ಚುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ವೇಳಾಪಟ್ಟಿಯನ್ನು ನೋಡಬೇಕು. ಮೊದಲು ವೇಳಾಪಟ್ಟಿಯನ್ನು ನೋಡಿ ಆಮೇಲೆ ಆಸಕ್ತಿಯನ್ನು ಹುಟ್ಟಿಸಿಕೊಳ್ಳುವುದು, ಅಂಗಿಗೆ ತಕ್ಕಂತೆ ಮೈಯನ್ನು ಕತ್ತರಿಸಿದಂತೆ. ಇಷ್ಟವಾದ ಪಾಠದ ವೇಳೆ ಹೊಂದದಿದ್ದಾಗ ಸುಮ್ಮನೆ ಹಿಂದಿರುಗದೆ ಅಧ್ಯಾಪಕರನ್ನೋ ಪ್ರಾಂಶುಪಾಲರನ್ನೋ ಕಂಡು ತನ್ನ ತೊಂದರೆಯನ್ನು ವಿನಯದಿಂದ ತಿಳಿಸುವ ಧೈರ್ಯವೂ ಇರಬೇಕು. ಒಬ್ಬಳ ಮಾತಿಗೆ ಬದಲಾಗದ ವೇಳಾಪಟ್ಟಿ ಹತ್ತು ಮಂದಿಯ ಮಾತಿಗೆ ಬದಲಾದೀತು.

ಇಷ್ಟಾದರೂ ಯಾವ ವೇಳಾಪಟ್ಟಿಯೂ ಎಲ್ಲ ವಿದ್ಯೆಯನ್ನೂ ಒಳಗೊಳ್ಳಲಾರದು. ಹಿಂದಿನವರು ಇದನ್ನು ಅರಿತು ಗಂಟೆಯ ಆಚೆಗೂ ಕಲಿಕೆಗೆ ಎಡೆ ಮಾಡಿಕೊಂಡಿದ್ದರು. ವಿಜ್ಞಾನಕ್ಕೆ ಮೀಸಲಾಗಿದ್ದ ಸೆಂಟ್ರಲ್ ಕಾಲೇಜಿನಲ್ಲಿಯೇ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ಕರ್ಣಾಟಕ ಸಂಘ ಬೆಳೆದು, 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆ ಹುಟ್ಟಿತು. ಸಸ್ಯಶಾಸ್ತ್ರಜ್ಞರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ಕನ್ನಡ ಸಾಹಿತ್ಯದಲ್ಲಿಯೂ ಆಳವಾದ ವ್ಯಾಸಂಗ ಮಾಡಿದರು. ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಸಸ್ಯಶಾಸ್ತ್ರವನ್ನೂ ಕನ್ನಡವನ್ನೂ ಒಂದಾಗಿಸಿದ ಆ ಕಟ್ಟನ್ನು ಅವರು ತಾವಾಗಿ ಕಟ್ಟಿಕೊಂಡುದು. ಗೌರಿಬಿದನೂರಿನ ಬಳಿಯ ಹೊಸೂರಿನಲ್ಲಿ ಹುಟ್ಟಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರೂ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿದರು. ಅಲ್ಲಿನ ಉಪನ್ಯಾಸಗಳಿಗೆ ಹಾಜರಿಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಕ್ರೆಡಿಟ್ ಇಲ್ಲ. ವಾಣಿಜ್ಯದ ವಿದ್ಯಾರ್ಥಿಯೂ ಅಲ್ಲಿ ಕುಳಿತು ನಕ್ಷತ್ರಗಳ ವಿಷಯವನ್ನು ಕೇಳಬಹುದು.

ಈ ನಿದರ್ಶನಗಳನ್ನು ತಪ್ಪಾಗಿ ತಿಳಿಯಬಾರದು. ದೊಡ್ಡವರು ತಾವಾಗಿ ಕಲಿತರೆಂದು ಹೇಳಿ, ಇಂದಿನ ವಿದ್ಯಾರ್ಥಿಗೆ ತರಗತಿಯಲ್ಲಿ ದೊರೆಯಬೇಕಾದುದನ್ನು ಕೊಡದೆ ಇರುವುದು ಸರಿಯಲ್ಲ. ಸಂಜೆ ದುಡಿಯುವವನಿಗೆ ಸಂಜೆಯ ಉಪನ್ಯಾಸವೂ ದೂರವೇ. ತರಗತಿಯಲ್ಲಿ ಸಿಗಬಹುದಾದುದು ತರಗತಿಯಲ್ಲಿಯೇ ಸಿಗಬೇಕು. ಅಲ್ಲಿ ಸಿಗಲಾರದುದನ್ನು ಹೊರಗೆ ಹುಡುಕುವ ಹಸಿವು ವಿದ್ಯಾರ್ಥಿಗೆ ಇರಬೇಕು.

ಯಡಿಯೂರಿನ ಸುತ್ತ ದೂರದ ಅಡ್ಡಿ ಕೆಲಮಟ್ಟಿಗೆ ಕಡಿಮೆಯಾಗಿದೆ. 2017ರ ಜೂನ್‌ನಲ್ಲಿ ಮೆಟ್ರೋ ರೈಲು ಸೌತ್ ಎಂಡ್ ವೃತ್ತವನ್ನೂ ಬನಶಂಕರಿಯನ್ನೂ ಹಾದು ದಕ್ಷಿಣಕ್ಕೆ ಓಡಲಾರಂಭಿಸಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಇನ್ನೊಂದು ಮಾರ್ಗ ತೆರೆಯಿತು. ರೈಲಿನ ವೇಳೆಯನ್ನು ಗೊತ್ತುಪಡಿಸುವವರು ಪ್ರಯಾಣಿಕರು ಯಾವಾಗ ಹೊರಡುತ್ತಾರೆ, ಎಲ್ಲಿ ಇಳಿಯುತ್ತಾರೆ, ಒಂದು ಮಾರ್ಗದಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಬೇಕಾಗುತ್ತದೆ. ಅವಸರದ ನಗರವೊಂದು ತನ್ನ ಪ್ರಯಾಣಿಕರಿಗಾಗಿ ಮಾಡುವಷ್ಟು ಆಲೋಚನೆಯನ್ನು ವಿದ್ಯಾಸಂಸ್ಥೆಗಳು ತಮ್ಮ ವಿದ್ಯಾರ್ಥಿಗಳಿಗಾಗಿ ಮಾಡುವುದು ಅಸಾಧ್ಯವೇನಲ್ಲ.

ವೇಳಾಪಟ್ಟಿ ನೋಡಲು ಕೆಲವು ಗೆರೆಗಳೂ ಕೆಲವು ಅಕ್ಷರಗಳೂ ಇರುವ ಒಂದು ಹಾಳೆ. ಆದರೆ ಒಬ್ಬ ಹುಡುಗಿ ತಾನು ಬಯಸಿದ ವಿದ್ಯೆಯನ್ನು ಪಡೆಯುವಳೇ, ಒಬ್ಬ ಹುಡುಗ ದುಡಿಮೆಯನ್ನು ಬಿಡದೆ ಓದನ್ನು ಮುಗಿಸುವನೇ ಎಂಬುದು ಆ ಹಾಳೆಯ ಮೇಲೆ ನಿರ್ಧಾರವಾಗುತ್ತದೆ. ಅದನ್ನು ಬರೆಯುವವರು ನೀರುಗಂಟಿಯ ಸ್ಥಾನದಲ್ಲಿದ್ದಾರೆ. ಕೊನೆಯ ಗದ್ದೆಯನ್ನು ಮೊದಲು ನೆನೆಯುವುದು ಅವರ ಧರ್ಮ. ಹರಿದುಬಂದ ನೀರನ್ನು ವ್ಯರ್ಥವಾಗಿ ಹೋಗಗೊಡದೆ ಬದುಗಳನ್ನು ಗಟ್ಟಿಮಾಡಿಕೊಂಡು ಬೆಳೆ ತೆಗೆಯುವುದು ಗದ್ದೆಯವನ ಧರ್ಮ. ಇವೆರಡೂ ಕೂಡಿದ ಕಡೆ ಆಯ್ಕೆಯೆಂಬ ಮಾತಿಗೆ ಅರ್ಥ ಬರುತ್ತದೆ.